ಬಾನೆಟ್ಟಿನ ಆಚೆ ಕೂತವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಲು ಬರುವುದಿಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ನೀವು ನಂಬುವುದಿಲ್ಲ ಅನ್ನುವ ಭಯ, ಬಿಡಿಸಿ ಹೇಳಿದರೆ ಆಕಳಿಸುತ್ತೀರಿ ಅನ್ನುವ ಭಯ. ಆದರೂ ಇದು ನಾನು ಕಟ್ಟಿದ್ದಲ್ಲ. ನನ್ನ ದೊಡ್ಡಪ್ಪನ ಕಿರಿಯ ಮಗನಿಗೆ ಆದದ್ದು.

ಅವನನ್ನು ಎಲ್ಲರೂ ಕಿಡಿ ಅನ್ನುತ್ತಾರೆ. ಗಾಡಿಗಳ ವೈರಿಂಗ್ ಕೆಲಸದವನು. ಕೆಲಸ ಕಲಿಯುವಾಗ ವಾರಕ್ಕೆರಡು ಸಲ ಶಾಕ್ ಹೊಡೆಸಿಕೊಂಡು ಎಗರುತ್ತಿದ್ದನಂತೆ. ಕಲಿಸಿದವನು ಅವನ ಅಣ್ಣ. ಆ ಹೆಸರಿಟ್ಟವನೂ ಅಣ್ಣನೇ.

ಆ ಅಣ್ಣ ತೀರಿಕೊಂಡು ಎಂಟು ತಿಂಗಳಾಗಿತ್ತು.

ಅವತ್ತು ಕಿಡಿ ಅಂಗಡಿ ಬಾಗಿಲೆಳೆದು, ಟೂಲ್ ಬ್ಯಾಗ್ ಹೆಗಲಿಗೇರಿಸಿ ಅತ್ತಿಗೆಯ ಮನೆಗೆ ಹೊರಟಾಗ ಒಂಬತ್ತೂವರೆ. ದಾರಿಯಲ್ಲಿ ಒಂದು ಬತ್ತಿದ ಬಾವಿ, ಮೇಲೆ ಕಬ್ಬಿಣದ ಜಾಲರಿ. ಹೆಜ್ಜೆ ಇಟ್ಟಂತೆಲ್ಲ ಬ್ಯಾಗಿನೊಳಗೆ ಸ್ಪ್ಯಾನರುಗಳು… ಕಣ್, ಕಣ್. ಅವನು ನಿಂತ. ಆಮೇಲೂ ಒಂದು ಸಲ… ಕಣ್. ಬಾವಿಯೊಳಗಿನ ಮಾರ್ದನಿ ಇರಬೇಕು. ಬಾವಿ ಅಂದಮೇಲೆ ಮಾರ್ದನಿ ಇದ್ದದ್ದೇ, ಅದನ್ನು ನಾನು ದೆವ್ವದ ಲೆಕ್ಕಕ್ಕೆ ಸೇರಿಸುವುದಿಲ್ಲ.

ರಾತ್ರಿಯೇ ಯಾಕೆ ಹೋದ ಅಂತ ಕೇಳಬಹುದು. ಒಂದು, ಹಗಲೆಲ್ಲ ಅಂಗಡಿ. ಇನ್ನೊಂದು, ಹಳೇ ಕಾರಿನ ವೈರುಗಳಲ್ಲಿ ಕಿಡಿ ಎಲ್ಲಾದರೂ ಸೋರುತ್ತಿದ್ದರೆ ಅದು ಕಾಣುವುದು ಕತ್ತಲಲ್ಲೇ.

ಕಾರು ಅಣ್ಣನದು, ಅವನಿಗಿಂತ ಎರಡು ವರ್ಷ ದೊಡ್ಡದು. ಅಂಥ ಕಾರುಗಳಲ್ಲಿ ಪಾಯಿಂಟ್ ಅಂತ ಇರುತ್ತದೆ. ಎರಡು ಪುಟ್ಟ ಲೋಹದ ತುದಿಗಳು. ಅವು ಟಿಕ್ ಟಿಕ್ ಎಂದು ಕೂಡಿ ಅಗಲಿದಾಗಲೆಲ್ಲ ಒಂದು ಕಿಡಿ ಹುಟ್ಟಿ, ಪೆಟ್ರೋಲು ಹೊತ್ತಿ, ಎಂಜಿನ್ ಓಡುತ್ತದೆ. ತುದಿಗಳು ಸುಟ್ಟು ಕಪ್ಪಾದರೆ ಕಿಡಿ ಇಲ್ಲ. ಆಗಾಗ ಉಜ್ಜಿ, ನಡುವಿನ ಸಂದು ಸರಿಮಾಡುತ್ತಿರಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಟ್ಟರೆ ಆ ರಗಳೆ ಇಲ್ಲ. ಪಾಯಿಂಟ್ ತೆಗೆದು ಅದೇ ಜಾಗದಲ್ಲಿ ಒಂದು ಮ್ಯಾಗ್ನೆಟ್ ಬಳೆ, ಪಕ್ಕಕ್ಕೊಂದು ಕರಿ ಡಬ್ಬಿ, ಎರಡು ವೈರ್. ಅಷ್ಟೇ.

ಹಾಕಿಸಬೇಕು ಅಂತ ಹಟ ಹಿಡಿದವರು ಅತ್ತಿಗೆ. ಅಣ್ಣನಿಗೆ ಎದೆನೋವು ಬಂದ ರಾತ್ರಿ ಕಾರು ಸ್ಟಾರ್ಟ್ ಆಗಿರಲಿಲ್ಲ. ಕುರ್ ಕುರ್ ಕುರ್… ಕುರ್ ಕುರ್… ಅನ್ನುತ್ತಲೇ ಇತ್ತು. ಆಂಬುಲೆನ್ಸ್ ಬರುವುದಕ್ಕೆ ನಲವತ್ತು ನಿಮಿಷ. ಅಷ್ಟು ಹೊತ್ತು ಅವನು ಹಿಂದಿನ ಸೀಟಿನಲ್ಲಿ ಕೂತೇ ಇದ್ದ… ಕೂತಲ್ಲೇ ಹೋದ. ಈಗ ಮನೆಯಲ್ಲಿ ಅತ್ತಿಗೆ ಮತ್ತು ಅಮ್ಮ, ಅಂದರೆ ಕಿಡಿಯ ತಾಯಿ. ಅಮ್ಮನಿಗೆ ಉಬ್ಬಸ. ಯಾವ ರಾತ್ರಿ ಏನೋ. ಅತ್ತಿಗೆಗೆ ಕಾರು ಓಡಿಸಲು ಬರುತ್ತದೆ, ಆದರೆ ಕಾರಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

“ಒಂದೇ ಏಟಿಗೆ ಸ್ಟಾರ್ಟ್ ಆಗ್ಬೇಕು ಕಣೋ,” ಅಂದಿದ್ದರು. “ಅಮ್ಮನಿಗೂ ಹಾಗಾಗೋದು ಬೇಡ.”

ಕಿಡಿ ತಲೆ ಎತ್ತಿರಲಿಲ್ಲ. ಯಾಕೆಂದರೆ ಅವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಅಣ್ಣ ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ, ಕಿಡಿಯೇ ಬಂದು ಪಾಯಿಂಟಿನ ಮುಚ್ಚಳ ಬಿಚ್ಚಿ ನೋಡಿದ್ದ. ಪಾಯಿಂಟ್ ಸುಟ್ಟಿತ್ತು. ಊಟ ಆದಮೇಲೆ ಉಜ್ಜಿಕೊಡುತ್ತೇನೆ ಅಂತ ಅಣ್ಣನಿಗೆ ಅಂದವನು ಮುಚ್ಚಳ ಹಾಗೇ ಕೂರಿಸಿ ಹೋಗಿಬಿಟ್ಟಿದ್ದ. ಹತ್ತು ನಿಮಿಷದ ಕೆಲಸ. ಎಂಟು ತಿಂಗಳಿಂದ ಅವನು ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಅತ್ತಿಗೆ ಕಾರನ್ನು ಬೈಯುವಾಗೆಲ್ಲ ನೆಲ ನೋಡುತ್ತಿದ್ದ.

ಆ ರಾತ್ರಿ ಶೆಡ್ಡಿನಲ್ಲಿ ಬಾನೆಟ್ ಎತ್ತಿ ಕೆಲಸ ಶುರುಮಾಡಿದ. ಇಲ್ಲಿ ಒಂದು ಮಾತು. ಆ ಕಾರಿನ ಬಾನೆಟ್ ಎತ್ತಿದರೆ ಗೋಡೆ ಇದ್ದ ಹಾಗೆ. ಎಂಜಿನ್ ಮುಂದೆ ನಿಂತವನಿಗೆ ಸ್ಟಿಯರಿಂಗ್ ಹಿಂದೆ ಕೂತವರು ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಅತ್ತಿಗೆ ಒಳಗೆ ಕೂತಿದ್ದರು. ಅವನು “ಹೊಡೀರಿ” ಅಂದಾಗ ಸ್ಟಾರ್ಟರ್ ಹೊಡೆಯುವುದು, “ಸಾಕು” ಅಂದಾಗ ಬಿಡುವುದು ಅವರ ಕೆಲಸ.

ಪಾಯಿಂಟ್ ಬಿಚ್ಚಿದ. ಅದರ ಜೊತೆಗಿದ್ದ ಹಳೇ ಕಂಡೆನ್ಸರನ್ನೂ ಬಿಚ್ಚಿದ. ಬಳೆ ಕೂರಿಸಿ, ಡಬ್ಬಿ ಕೂರಿಸಿ, ವೈರುಗಳನ್ನು ಕಾಯಿಲ್‌ಗೆ, ಅಂದರೆ ಕಿಡಿಗೆ ಜೋರು ಕೊಡುವ ಸುರುಳಿಗೆ, ಕೊಟ್ಟ.

“ಹೊಡೀರಿ ಅತ್ತಿಗೆ.”

ಕುರ್ ಕುರ್ ಕುರ್ ಕುರ್…

ಅದೇ ಸದ್ದು. ಅವನ ಬೆನ್ನು ಬೆವರಿತು.

ಬ್ಯಾಟರಿ ನೋಡಿದ, ಗಟ್ಟಿಯಾಗಿದೆ. ಕಾಯಿಲ್‌ಗೆ ಹನ್ನೆರಡು ವೋಲ್ಟ್ ಬರುತ್ತಿದೆ. ಬಳೆಗೂ ಡಬ್ಬಿಗೂ ನಡುವಿನ ಸಂದಿನಲ್ಲಿ ಕಾಗದ ತೂರಿಸಿ ನೋಡಿದ, ಸರಿಯಿದೆ. ನಡುವಿನ ದಪ್ಪ ವೈರ್ ಕಿತ್ತು ಎಂಜಿನ್ ಹತ್ತಿರ ಹಿಡಿದ. ಕಿಡಿ ಹಾರಿ ಚಟ್ ಅನ್ನಬೇಕಿತ್ತು. ಇಲ್ಲ. ಗಂಟೆ ಹನ್ನೊಂದಾಯಿತು. ಹನ್ನೆರಡಾಯಿತು. ಶೆಡ್ಡಿನ ಮೂಲೆಯ ಪೆಟ್ಟಿಗೆಯಲ್ಲಿ ಉಪ್ಪುಕಾಗದ ಹುಡುಕಲು ಹೋಗಿ, ಸ್ವಲ್ಪ ಹೊತ್ತು ತಡಕಾಡಿ ಬಂದ. ವೈರಿನ ತುದಿಗಳನ್ನೆಲ್ಲ ಉಜ್ಜಿದ.

“ಹೊಡೀರಿ.”

ಕುರ್ ಕುರ್ ಕುರ್…

“ಸಾಕು.”

ನಿಂತಿತು.

ಆಗ ಅವನ ಕೈ ಸೋತಿತು. ಎಂಜಿನ್ ಅಂಚಿಗೆ ಎರಡೂ ಮೊಣಕೈ ಊರಿದ. ಮುಖ ಕಾಣುತ್ತಿಲ್ಲವಲ್ಲ, ಅದೇ ಧೈರ್ಯ. ತಗ್ಗಿದ ದನಿಯಲ್ಲಿ ಹೇಳಲು ಶುರುಮಾಡಿದ. ಭಾನುವಾರ ಬಂದದ್ದು, ಪಾಯಿಂಟ್ ಸುಟ್ಟದ್ದು ನೋಡಿದ್ದು, ಆಮೇಲೆ ಮಾಡಿದರಾಯಿತು ಅಂದುಕೊಂಡದ್ದು, ಎಲ್ಲ. ಕೊನೆಗೆ, “ಕಾರಿನ ತಪ್ಪಲ್ಲ ಅತ್ತಿಗೆ. ನಾನೇ ನಿಲ್ಲಿಸಿದ್ದು ಅವನನ್ನ,” ಅಂದ.

ಬಾನೆಟ್ಟಿನ ಆಚೆ ಸೀಟಿನ ಸ್ಪ್ರಿಂಗ್… ಗಿರಕ್… ಅಂದಿತು, ಭಾರದವರು ಯಾರೋ ಮೈ ಸರಿಸಿ ಕೂತ ಹಾಗೆ.

ಆಮೇಲೆ, ಪಿಸುದನಿಯಲ್ಲಿ…

“ಅರ್ತಾಯ್ತ್…”

ಅರ್ಥ ಆಯಿತು ಅಂದರು ಅಂತಲೇ ಅವನು ತಿಳಿದ. ತೋಳಿಗೆ ಮುಖ ಒತ್ತಿಕೊಂಡು ಬಿಕ್ಕಿದ. ಬೈಗುಳವಿಲ್ಲ, ಅಳುವಿಲ್ಲ, ಅಷ್ಟೇ ಒಂದು ಮಾತು. ಆದರೆ ಆ ಮಾತು ಕಿವಿಯಲ್ಲೇ ಕೂತಿತು. ಅದು ಅತ್ತಿಗೆ ಹೇಳುವ ರೀತಿ ಅಲ್ಲ. ಕೆಲಸ ಕಲಿಸುವಾಗ ಅಣ್ಣ ಪ್ರತಿ ಸಲ ಕೇಳುತ್ತಿದ್ದದ್ದು ಹಾಗೆ. ಗಾಡಿಯ ಲೋಹದ ಮೈಗೆ ಜೋಡಿಸುವ ವೈರ್‌ಗೆ ನಮ್ಮ ಗ್ಯಾರೇಜಿನವರು ಅರ್ತ್ ಅನ್ನುತ್ತಾರೆ. ಅರ್ತ್ ಸರಿಯಿಲ್ಲದಿದ್ದರೆ ಯಾವ ಕರೆಂಟೂ ಓಡುವುದಿಲ್ಲ. ಅಣ್ಣನ ತಮಾಷೆ ಅದು. “ಅರ್ತ್ ಆಯ್ತಾ?” ಅಂದರೆ ತಿಳಿಯಿತಾ ಅಂತಲೂ ಹೌದು, ವೈರ್ ಕೊಟ್ಟೆಯಾ ಅಂತಲೂ ಹೌದು. ಕೊನೆಯ ಅಕ್ಷರ ನುಂಗಿಬಿಡುತ್ತಿದ್ದ. ಕೇಳುತ್ತಿದ್ದಾನೋ ಹೇಳುತ್ತಿದ್ದಾನೋ ಗೊತ್ತೇ ಆಗುತ್ತಿರಲಿಲ್ಲ.

ಕಿಡಿ ಟಾರ್ಚ್ ಹಾಕಿ ಬಗ್ಗಿ ನೋಡಿದ. ಕರಿ ಡಬ್ಬಿ ಕೂತ ತಟ್ಟೆಯ ಕೆಳಗೆ ಒಂದು ಹೆಣೆದ ವೈರ್, ಕಿರುಬೆರಳಿನಷ್ಟು ಉದ್ದದ್ದು, ತುದಿ ಬಿಚ್ಚಿಕೊಂಡು ಬಿದ್ದಿತ್ತು. ಕಂಡೆನ್ಸರ್ ಹಿಡಿದಿದ್ದ ಸ್ಕ್ರೂನೇ ಆ ಅರ್ತ್ ವೈರನ್ನೂ ಹಿಡಿದಿರುತ್ತದೆ. ಕಂಡೆನ್ಸರ್ ಬೇಡ ಅಂತ ಬಿಚ್ಚಿದವನು ವೈರನ್ನು ಮತ್ತೆ ಕಟ್ಟುವುದು ಮರೆತಿದ್ದ. ಅದನ್ನು ಕಟ್ಟಿ ಸ್ಕ್ರೂ ಬಿಗಿದ.

“ಹೊಡೀರಿ.”

ಕುರ್… ಅಷ್ಟೇ. ಬುರ್ರ್ ಎಂದು ಎದ್ದಿತು.

ಟೈಮಿಂಗ್, ಅಂದರೆ ಕಿಡಿ ಸರಿಯಾದ ಗಳಿಗೆಗೆ ಹುಟ್ಟುತ್ತಿದೆಯಾ ಅಂತ, ನೋಡಬೇಕಿತ್ತು. “ಸ್ವಲ್ಪ ಆಕ್ಸಿಲೇಟರ್ ಕೊಡಿ,” ಅಂದ. ಸದ್ದು ಮೆಲ್ಲಗೆ ಏರಿತು. ಎಷ್ಟು ಬೇಕೋ ಅಷ್ಟಕ್ಕೇ ನಿಂತಿತು, ಒಂದು ಚೂರೂ ಅಲುಗದೆ. ಟೈಮಿಂಗ್ ಲೈಟಿನಲ್ಲಿ ಗುರುತು ಬರೆದಿಟ್ಟ ಹಾಗೆ ಕಂಡಿತು. “ಆಫ್ ಮಾಡಿ.” ಆಫ್ ಆಯಿತು.

ಬಾನೆಟ್ ಇಳಿಸಿದ.

ಸೀಟಿನಲ್ಲಿ ಯಾರೂ ಇರಲಿಲ್ಲ.

ಕೂಗಲಿಲ್ಲ ಅವನು, ಓಡಲಿಲ್ಲ. ಸ್ವಲ್ಪ ಹೊತ್ತು ಬಿಸಿ ಎಂಜಿನ್ ಟಿಣ್… ಟಿಣ್… ಎಂದು ಆರುವುದನ್ನು ಕೇಳುತ್ತ ನಿಂತಿದ್ದನಂತೆ. ಆಮೇಲೆ ಮನೆಯೊಳಗೆ ಹೋದ. ಅಮ್ಮನ ಮಂಚದ ಪಕ್ಕ, ಕುರ್ಚಿಯಲ್ಲಿ ಕೂತಲ್ಲೇ ಅತ್ತಿಗೆಗೆ ನಿದ್ದೆ ಹತ್ತಿತ್ತು. ಅವನ ಹೆಜ್ಜೆಗೆ ಕಣ್ಣು ಬಿಟ್ಟರು. ಅವನು ಪೆಟ್ಟಿಗೆ ತಡಕಾಡುವಾಗ ಅಮ್ಮ ಕೆಮ್ಮಿದ್ದು ಕೇಳಿ ಒಳಗೆ ಬಂದರಂತೆ. ಔಷಧಿ ಕೊಟ್ಟು ಕೂತವರು ಎದ್ದೇ ಇಲ್ಲ.

“ಆಯ್ತಾ?” ಅಂತ ಕೇಳಿದರು.

ಆಯಿತು ಅಂದ. ಅಲ್ಲಿಗೇ ಬಿಟ್ಟು ಹೋಗಬಹುದಿತ್ತು. ಕೇಳಬೇಕಾದವರು ಕೇಳಿಯೇ ಇಲ್ಲ ಅಂತ ಗೊತ್ತಾಯಿತಲ್ಲ, ಯಾರಿಗೆ ಏನು ಹೇಳಬೇಕಿತ್ತು? ಆದರೆ ಅವನು ನೆಲದ ಮೇಲೆ ಕೂತು ಎರಡನೇ ಸಲ ಎಲ್ಲ ಹೇಳಿದ. ಈ ಸಲ ಮುಖ ನೋಡಿಕೊಂಡೇ.

ಅತ್ತಿಗೆ ಅಮ್ಮನಿಗೆ ಎಚ್ಚರವಾಗದಂತೆ, ಮೆಲ್ಲಗೆ ಹೇಳಿದರು. “ಅವತ್ತು ಊಟ ಆಗ್ತಿದ್ದ ಹಾಗೆ ನೀನು ಅಲ್ಲೇ ಗೋಡೆಗೊರಗಿ ಗೊರಕೆ ಹೊಡೀತಿದ್ದೆ. ನಾನು ಎಬ್ಬಿಸೋಕೆ ಬಂದೆ. ಮಲಗ್ಲಿ ಬಿಡು, ಪಾಪ, ವಾರವೆಲ್ಲ ದುಡಿದಿದ್ದಾನೆ ಅಂದೋರು ಅವರೇ.”

ಅವನು ಅಳುತ್ತಿದ್ದ.

“ನನಗೆ ಸಿಟ್ಟು ಬರ್ತಿದೆ ಕಣೋ. ಬರ್ದೆ ಇರುತ್ತಾ? ಇವತ್ತು ಹೋಗು. ನಾಳೆ ಊಟಕ್ಕೆ ಬಾ.”

ಅವನು ಎದ್ದ. ಕಾರಿನ ಬಾಗಿಲು ಲಾಕ್ ಮಾಡಿಬಿಟ್ಟು ಹೋಗು ಅಂತ ಅತ್ತಿಗೆ ಮುಷ್ಟಿ ಬಿಚ್ಚಿದರು. ಕಾರಿನ ಕೀ ಅವರ ಕೈಯಲ್ಲೇ ಇತ್ತು. ನಿದ್ದೆಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಅದರ ಹಲ್ಲುಗಳು ಅಂಗೈಯಲ್ಲಿ ಸಾಲಾಗಿ ಅಚ್ಚೊತ್ತಿದ್ದವು.

ಇದು ನಡೆದದ್ದು. ಕಿಡಿ ಸುಳ್ಳು ಹೇಳುವವನಲ್ಲ, ಅತ್ತಿಗೆಯನ್ನೂ ನಾನು ಕೇಳಿದ್ದೇನೆ. ಇನ್ನೊಂದು ಕೀ ಇರಲಿಲ್ಲ. ವೈರ್ ಎಲ್ಲೋ ಶಾರ್ಟ್ ಆಗಿ ತಾನೇ ಸ್ಟಾರ್ಟ್ ಆಗಿರಬೇಕು ಅಂತ ತಿಳಿದವರು ಅನ್ನಬಹುದು. ಆಗುವುದಿಲ್ಲ. ಶಾರ್ಟ್ ಆದರೆ ಸ್ಟಾರ್ಟರ್ ತಿರುಗಬಹುದು, ಒಪ್ಪಿದೆ, ಆದರೆ ಕಾಯಿಲ್‌ಗೆ ಕರೆಂಟ್ ಬರಬೇಕಾದರೆ ಕೀ ತಿರುಗಿಯೇ ಇರಬೇಕು. ಯಾಕೆಂದರೆ ಕೀ ಹಿಂದುಗಡೆ ಮೂರು ವೈರ್ ಇರುತ್ತವೆ. ಒಂದು ಬ್ಯಾಟರಿಯಿಂದ ಬರುವುದು, ಒಂದು ಸ್ಟಾರ್ಟರ್‌ಗೆ ಹೋಗುವುದು, ಇನ್ನು ಮೂರನೆಯದು… ಇರಿ, ಒಳಗಿಂದ ಕರೆಯುತ್ತಿದ್ದಾರೆ. ಬಂದೆ ಕಣೇ, ಬಂದೆ… ಮೂರನೆಯದು ಏನಪ್ಪಾ ಅಂದರೆ