ಬಂದೂಕಿನ ಗವಸು

ಅಯ್ಯೋ, ಬಂದೂಕೇ ಕಣೋ ಕಿಟ್ಟಿ! ಮತ್ತೇನು ವೀಣೆ ಅಂದ್ಕೊಂಡ್ಯಾ? ... ನಗಬೇಡ. ಯಾಕೆ ಹಾಗೆ ನಗ್ತೀಯ? ನಿಮ್ಮಕ್ಕ ಚೂಡಾಮಣಿ ಸ್ವಂತ ಮಿಷನ್ನಿನಲ್ಲಿ ಕೂತು ಹೊಲಿದ ಗವಸು ಅದು. ಖಾಕಿ ಬಟ್ಟೆ, ಒಳಗಡೆ ಫ್ಲಾನೆಲ್ಲು. ಮುಟ್ಟಿ ನೋಡು, ಮುಟ್ಟಿ ನೋಡು... ಮಗು ಮೈ ಇದ್ದ ಹಾಗಿಲ್ವಾ? ಇಡೀ ಜಯನಗರದಲ್ಲಿ ಇಷ್ಟು ಸುಖವಾಗಿ ಮಲಗಿರೋ ಬಂದೂಕು ಇನ್ನೊಂದಿದ್ರೆ ತೋರಿಸು ನೋಡೋಣ!

ಕೂತ್ಕೋ, ಕೂತ್ಕೋ. ನಿಮ್ಮ ಭಾವ ಬರೋದಕ್ಕೆ ಇನ್ನೂ ಹೊತ್ತಿದೆ. ಯಡಿಯೂರಿನ ಕಡೆ ಬಾಳೆ ಎಲೆ ತರೋಕೆ ಹೋಗಿದಾರೆ. ತಮ್ಮ ವಿಲ್ಸನ್ ಗಾರ್ಡನ್ನಿಂದ ಸೈಕಲ್ ತುಳ್ಕೊಂಡು ಬಂದಿದಾನೆ, ಭಾನುವಾರ ಬೇರೆ, ಎಲೆಯಲ್ಲೇ ಊಟ ಹಾಕೋಣ ಅಂದೆ. ಅವರು ಚೀಲ ತಗೊಂಡು ಹೊರಟ್ರು. ... ಹೂಂ, ನಡೆದೇ ಹೋಗಿದಾರೆ. ನಿಧಾನಕ್ಕೆ ಬರ್ತಾರೆ.

ಏನಂದೆ? ಮುಂದಿನ ಭಾನುವಾರ ಕನಕಪುರದ ರಸ್ತೆಗೆ ಜೀಪು? ಶಿಕಾರಿ? ನಿಮ್ಮ ಕಾಲೇಜಿನ ಮೇಷ್ಟ್ರುಗಳೆಲ್ಲ ಸೇರಿ? ಹಂದಿ ಕಂಡ್ರೆ ಅದಕ್ಕೆ ಪಾಠ ಮಾಡ್ತೀರೇನೋ! ... ಭಾವನ್ನ ಕರ್ಕೊಂಡು ಹೋದ್ರೆ ಅವರಿಗೂ ಗೆಲುವಾಗುತ್ತೆ ಅಂತೀಯ... ನೋಡೋಣ. ಅದಕ್ಕೇನಂತೆ, ನೋಡೋಣ.

ನಿನಗೆ ಇದರ ಕಥೆ ಪೂರ್ತಿ ಗೊತ್ತಿಲ್ಲ, ನೀನಾಗ ಮೈಸೂರಿನಲ್ಲಿ ಓದ್ತಿದ್ದೆ. ಐವತ್ತೆಂಟನೇ ಇಸವಿ. ಇವರಿಗೆ ಬನಶಂಕರಿ ಗುಡಿಯಿಂದ ಆಚೆಗೆಲ್ಲ ಸರಪಳಿ ಹಿಡಿದು ಜಮೀನು ಅಳೆಯೋ ಕೆಲಸ. ಲಂಟಾನದ ಪೊದೆ, ಅದರೊಳಗೆ ಹಂದಿ, ನರಿ. ಒಂದು ಸಲ ಹಂದಿ ಅಟ್ಟಿಸ್ಕೊಂಡು ಬಂದು, ಇಬ್ಬರು ಕೂಲಿಯವರು ಹುಣಸೆಮರ ಹತ್ತಿದ್ರಂತೆ, ಇವರು ಮೂರನೆಯವರು! ಅದೇ ಸಮಯಕ್ಕೆ ಕಾಫಿ ತೋಟದ ಇಂಗ್ಲಿಷ್ ದೊರೆ ಒಬ್ಬ ತನ್ನ ದೇಶಕ್ಕೆ ಹೊರಟಿದ್ದ, ಸಾಮಾನೆಲ್ಲ ಮಾರ್ತಿದ್ದ. ಉಳಿದವರೆಲ್ಲ ಸೋಫಾ ತಂದ್ರು, ಅಲಮಾರು ತಂದ್ರು. ನಿಮ್ಮ ಭಾವ ಇದನ್ನ ತಂದ್ರು. ಗಿಡ್ಡ ಬಂದೂಕು. ನೋಡು, ಎರಡು ಮೊಳದ ಮೇಲೆ ಒಂದೆರಡು ಇಂಚು ಇದ್ರೆ ಹೆಚ್ಚು. ಪೊದೆಯೊಳಗೆ ತಿರುಗಿಸೋದಕ್ಕೆ ಇದೇ ಸರಿ ಅಂತ ದೊರೆ ಹೇಳಿದನಂತೆ.

ಲೈಸೆನ್ಸು ಕೊಡೋ ಗುಮಾಸ್ತ ಇವರನ್ನ ಮೇಲಿಂದ ಕೆಳಗೆ ನೋಡಿದನಂತೆ. ಕಚ್ಚೆ ಪಂಚೆ, ಹಣೆಯಲ್ಲಿ ಅಂಗಾರ ಅಕ್ಷತೆ. "ಅನಂತಪದ್ಮನಾಭ... ಹೆಸರು ಸರಿ ಸ್ವಾಮಿ. ಬಂದೂಕು ಯಾರಿಗೆ?" ಅಂದನಂತೆ!

ನಳಿಗೆ ಕೆಳಗೆ ಮರದ ಹಿಡಿ ಇದೆಯಲ್ಲ, ಅದನ್ನ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಗುಂಡು ಹಾರಿದ ಹಳೇ ತೋಟಾ ಆಚೆ ಬೀಳುತ್ತೆ, ಹೊಸ ತೋಟಾ ಒಳಕ್ಕೆ ಬರುತ್ತೆ. ಕರಕ್, ಕರಕ್! ಆ ಸದ್ದು! ತಂದ ಮಾರನೇ ಬೆಳಿಗ್ಗೆ ಜಗುಲಿ ಮೇಲೆ ಕೂತು ತೋಟಾ ಇಲ್ಲದ ಬರೀ ಬಂದೂಕನ್ನೇ ಕರಕ್ ಕರಕ್ ಅನ್ನಿಸ್ತಿದ್ರು. ಹಾಲಿನ ಮುನಿವೆಂಕಟಮ್ಮ ಗೇಟಿನ ಹತ್ರ ಹಸು ಕರೀತಾ ಕೂತಿದ್ಲು. ಆ ಸದ್ದಿಗೆ ಹಸು ಓಡ್ತು, ಹಸು ಹಿಂದೆ ಮುನಿವೆಂಕಟಮ್ಮ ಓಡಿದ್ಲು, ಅವಳ ಹಿಂದೆ ಇವರು, "ಏನೂ ಇಲ್ಲಮ್ಮಾ, ಏನೂ ಇಲ್ಲಮ್ಮಾ" ಅಂತ... ಕೈಯಲ್ಲಿ ಬಂದೂಕು ಹಿಡ್ಕೊಂಡೇ!

ನಗು, ನಗು. ಇದಕ್ಕೆ ನಗಬೇಕು. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಆಗ ಅತ್ತೆ ಇದ್ರು. ಮಡಿ ಹೆಂಗಸು. "ಬ್ರಾಹ್ಮಣರ ಮನೆಗೆ ಕೋವಿ ತಂದೆಯೇನೋ ಪದ್ದೂ" ಅಂತ ಮಗನ ಹತ್ರ ಮೂರು ದಿನ ಮಾತು ಬಿಟ್ರು. ಆಮೇಲೆ ಆಯುಧ ಪೂಜೆ ಬಂತು ನೋಡು... ಎದ್ದು ನೋಡ್ತೀನಿ, ಅತ್ತೇನೇ ನಳಿಗೆಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಸುತ್ತಿ, ಬಾಯಿಗೆ ನಿಂಬೆಹಣ್ಣು ಸಿಗಿಸಿಟ್ಟಿದಾರೆ! ಆ ಹಣ್ಣು ಬಿಡಿಸೋದಕ್ಕೆ ನಿಮ್ಮ ಭಾವನಿಗೆ ಅರ್ಧ ದಿನ ಹಿಡೀತು.

ಹೊಡೆದದ್ದಾ? ಏನು ಹೊಡೆದ್ರು? ಹಂದಿ ಇಲ್ಲ, ನರಿ ಇಲ್ಲ. ಸಾರಕ್ಕಿ ಚಿಕ್ಕಬೈರಪ್ಪನ ಹೊಲದಲ್ಲಿ ನರಿ ಅಂತ ಗುರಿ ಇಟ್ಟು ಒಂದು ಕುಂಬಳಕಾಯಿ ಹೊಡೆದ್ರು. ಚಿಕ್ಕಬೈರಪ್ಪ ಅದನ್ನ ಹೆಗಲ ಮೇಲೆ ಹೊತ್ಕೊಂಡು ಬಂದ, "ಸ್ವಾಮೀ, ನಿಮ್ಮ ಶಿಕಾರಿ" ಅಂತ ಜಗುಲಿ ಮೇಲಿಟ್ಟ. ಅದರದ್ದೇ ಕೂಟು ಮಾಡಿದೆ. ಊಟಕ್ಕೆ ಕೂತಾಗ ಇವರ ಹಲ್ಲಿಗೆ ಸೀಸದ ಕಾಳು ಸಿಕ್ತು. ಟಣ್ ಅಂತ ತಟ್ಟೆಗೆ ಹಾಕಿದ್ರು. ಮೆಣಸಿನಕಾಳು ಅಂದ್ಕೊಂಡೆ ನಾನು!

ಆ ದಿನಗಳಲ್ಲಿ ಅವರಿಗೆ ಇದನ್ನ ಸಿಂಗರಿಸೋ ಹುಚ್ಚು. ಚಮ್ಮಾರನ ಹತ್ರ ಕೂತು, ಸೈಕಲ್ ಟೈರು ಕುಯ್ಯಿಸಿ, ಭುಜಕ್ಕೆ ಒದೆ ಬೀಳಬಾರದು ಅಂತ ಬುಡಕ್ಕೆ ಈ ರಬ್ಬರಿನ ಮೆತ್ತೆ ಹಾಕಿಸಿದ್ರು. ಹೋಲ್ಡಾಲಿನ ಬೆಲ್ಟು ಕತ್ತರಿಸಿ ಹೆಗಲಿಗೆ ಹಾಕೋ ಪಟ್ಟಿ ಮಾಡಿದ್ರು. ಆಮೇಲೆ ಪ್ರಯಾಣಕ್ಕೆ ಹೋದಾಗ ಹಾಸಿಗೆ ಬಿಚ್ಕೊಂಡು ಪ್ಲಾಟ್‌ಫಾರಮ್ ತುಂಬಾ ಹರಡ್ತು, ಅದು ಬೇರೆ ಕಥೆ. ಟಾರ್ಚು ಸಿಗಿಸೋದಕ್ಕೆ ತಗಡಿನ ಕಟ್ಟು. ತೋಟಾ ಇಡೋದಕ್ಕೆ ಸೊಂಟದ ಪಟ್ಟಿ. ಸಂಜೆ ಆಫೀಸಿಂದ ಬಂದೋರು ಕಾಫಿ ಕೂಡ ಕುಡೀದೆ ಇದನ್ನ ಮುಂದಿಟ್ಕೊಂಡು ಕೂರೋರು. ಕೊಬ್ಬರಿ ಎಣ್ಣೆ ಹಚ್ಚಿ ಮರ ತಿಕ್ಕೋರು. ನನ್ನ ತಲೆಗೆ ಎಣ್ಣೆ ಉಳೀತಿರಲಿಲ್ಲ!

... ಗವಸಾ? ಇದು ಈಚೆಗೆ. ಹೋದ ವರ್ಷ ಆಷಾಢದಲ್ಲಿ ಹೊಲಿದೆ. ಇದೊಂದು ನನ್ನ ಸೇವೆ.

ಬಿಚ್ಚು, ಬಿಚ್ಚು. ಹದಿನಾಲ್ಕು ಗುಂಡಿ ಇದೆ. ಕಾಜಾ ಸ್ವಲ್ಪ ಚಿಕ್ಕದಾಯ್ತು, ಉಗುರು ಹಾಕಿ ಎಬ್ಬಿಸಬೇಕು. ... ಅಯ್ಯೋ, ಅದು ಗೆಜ್ಜೆ! ಕರುವಿಗೆ ಕಟ್ತಾರಲ್ಲ, ಅದೇ. ಮುನಿವೆಂಕಟಮ್ಮ ಕೊಟ್ಲು. ಯಾಕೆ ಅಂದ್ರೆ... ಇಲಿ ಕಣೋ. ಇಲಿ ಬಂದು ಬಟ್ಟೆ ಕಡಿಯುತ್ತಲ್ಲ, ಅಲ್ಲಾಡಿದ್ರೆ ಗೊತ್ತಾಗ್ಲಿ ಅಂತ. ಅಡುಗೆಮನೆಗೂ ಕೇಳ್ಸುತ್ತೆ. ... ಇದನ್ನಿಡೋ ಪೆಟ್ಟಿಗೆಗೆ ಬೀಗ ಯಾಕೆ ಅಂದ್ರೆ ಕಳ್ಳರ ಭಯ. ಹೊಸ ಬಡಾವಣೆ, ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆ ರಾಗಿ ಹೊಲ. ಬೀಗದ ಕೈ ಇಲ್ಲಿ, ತಾಳಿ ಸರದಲ್ಲಿ, ಪಿನ್ನುಗಳ ಜೊತೆ. ನನ್ನ ಹತ್ರಾನೇ ಇರುತ್ತೆ.

ಎಷ್ಟನೇ ಗುಂಡಿ? ಒಂಬತ್ತಾ? ನಿನ್ನ ಕೈಯಲ್ಲೂ ಆಗ್ತಿಲ್ಲ ನೋಡು!

ತೋಟಾ... ತೋಟಾ ಎಲ್ಲೋ ಇದೆ. ಮೇಲೆ ಅಟ್ಟದಲ್ಲಿರಬೇಕು. ಹುಡುಕಬೇಕು. ನಿಮ್ಮ ಜೀಪಿನೋರ ಹತ್ರ ಇರೋಲ್ವಾ? ... ಹೌದು, ಸೊಂಟದ ಪಟ್ಟಿ ಖಾಲಿ. ಮಳೆಗಾಲ, ತೇವ ಹಿಡಿಯುತ್ತೆ ಅಂತ ತೆಗೆದಿಟ್ಟೆ.

ಯಾಕೋ ಕೈ ನಿಲ್ಲಿಸ್ದೆ? ಇನ್ನು ಐದೇ ಗುಂಡಿ.

ಈಗ ತಾನೇ ನಗ್ತಿದ್ಯಲ್ಲ.

ಹೌದು, ಕಳ್ಳ ಬಂದಾಗ ಬಂದೂಕು ತೆಗೆಯೋಕೆ ಹೊರಟ್ರೆ ಬೀಗ, ಗೆಜ್ಜೆ, ಹದಿನಾಲ್ಕು ಗುಂಡಿ... ಕಳ್ಳ ಕೂತು ಕಾಫಿ ಕುಡಿದು ಹೋಗಬಹುದು! ಹ್ಹ... ನಾನೇ ಹೇಳಿದೀನಿ ಎಷ್ಟೋ ಸಲ, ಪಕ್ಕದ ಮನೆ ಸೀತಮ್ಮನ ಹತ್ರ. ಅವರೂ ನಕ್ಕಿದ್ರು. ಎಲ್ಲರೂ ನಗ್ತಾರೆ. ನೀನೂ ನಗೋ...

ಕಿಟ್ಟಿ.

ಹಾಗೆ ನೋಡ್ಬೇಡ ಕಣೋ.

... ಏನೂ ಇಲ್ಲ. ಅವರು ಚೆನ್ನಾಗೇ ಇದಾರೆ. ಆಫೀಸಿನ ಗಲಾಟೆ ಎಲ್ಲ ಮುಗೀತಲ್ಲ. ಅಳತೆ ರಿಜಿಸ್ಟರು ಕಳೆದುಹೋಯ್ತು ಅಂತ ಹನ್ನೊಂದು ತಿಂಗಳು ಮನೇಲಿ ಕೂರಿಸಿದ್ರು, ದಿನಾ ಬೆಳಿಗ್ಗೆ ಇವರು ಕೋಟು ಹಾಕ್ಕೊಂಡು ಜಗುಲಿ ಮೇಲೆ ಕೂರೋರು, ಯಾರಾದ್ರೂ ಕರೀತಾರೇನೋ ಅಂತ. ಆಮೇಲೆ ರಿಜಿಸ್ಟರು ಯಾರದೋ ಬೀರುವಿನ ಹಿಂದೆ ಸಿಕ್ತು. "ನಿಮ್ಮ ತಪ್ಪೇನೂ ಕಂಡುಬಂದಿಲ್ಲ" ಅಂತ ಒಂದು ಸಾಲಿನ ಕಾಗದ ಬಂತು. ಒಂದೇ ಸಾಲು. ವಾಪಸ್ಸು ಕೆಲಸಕ್ಕೆ ಹೋಗ್ತಾರೆ, ಬರ್ತಾರೆ. ಹಾಕಿದ್ದು ಊಟ ಮಾಡ್ತಾರೆ. ಉಪ್ಪು ಇಲ್ದಿದ್ರೂ ಊಟ ಮಾಡ್ತಾರೆ. ನಾನೇ ಒಂದು ದಿನ ಬೇಕೂಂತ ಉಪ್ಪು ಹಾಕ್ದೆ ಬಡಿಸಿದೆ, ಬೈಯಲಿ ಅಂತ... ಬೈಲಿಲ್ಲ.

ನೀನು ಏನಾದ್ರೂ ಮಾತಾಡೋ. ಕೇಳೋ ಏನಾದ್ರೂ. ಹೀಗೆ ಸುಮ್ನೆ ಕೂತ್ರೆ ನಾನು...

ಆಷಾಢ. ಬುಧವಾರ. ಹಗಲು ಹತ್ತು ಗಂಟೆ. ಆಗಿನ್ನೂ ಆ ಕಾಗದ ಬಂದಿರಲಿಲ್ಲ. ಅವತ್ತು ಮುನಿವೆಂಕಟಮ್ಮ ಬಂದಿರಲಿಲ್ಲ, ನಾನೇ ಅವಳ ಕೊಟ್ಟಿಗೆಗೆ ಹೋಗಿ ಹಾಲು ತಂದೆ. ಬಾಗಿಲು ಸುಮ್ನೆ ಮುಂದಕ್ಕೆ ಹಾಕಿತ್ತು. ಒಳಗೆ ಬಂದ್ರೆ... ಮಂಚದ ಮೇಲೆ ಕೂತಿದಾರೆ. ಇದು ತೊಡೆ ಮೇಲಿದೆ. ನನ್ನ ನೋಡಿ, "ಒರೆಸ್ತಾ ಇದೀನಿ" ಅಂದ್ರು.

ಕೈಯಲ್ಲಿ ಬಟ್ಟೆ ಇರಲಿಲ್ಲ ಕಣೋ.

ಎಣ್ಣೆ ಬಟ್ಟಲಿರಲಿಲ್ಲ. ಏನೂ ಇರಲಿಲ್ಲ. ಒಂದು ತೋಟಾ ಇತ್ತು, ದಿಂಬಿನ ಮೇಲೆ. ಒಂದೇ ಒಂದು.

ಕಿರುಚಲಿಲ್ಲ ನಾನು. ಕಿರುಚಬೇಕಿತ್ತೇನೋ. ಹಾಲಿನ ಚೊಂಬು ಕೆಳಗಿಟ್ಟೆ. ಮಿಷನ್ನಿನ ಡ್ರಾಯರಿನಿಂದ ಅಳತೆ ಟೇಪು ತಗೊಂಡೆ. ಅವರ ಮುಂದೆ ನೆಲದ ಮೇಲೆ ಕೂತೆ. "ಇದಕ್ಕೊಂದು ಗವಸು ಹೊಲೀಬೇಕು ಅಂತಿದ್ದೆ, ಆ ತುದಿ ಹಿಡ್ಕೊಳ್ಳಿ" ಅಂದೆ. ಅವರು ನನ್ನ ಮುಖ ನೋಡಿದ್ರು. ಆಮೇಲೆ ಟೇಪಿನ ತುದಿ ಹಿಡ್ಕೊಂಡ್ರು. ಹದಿನೈದು ವರ್ಷ ಊರೆಲ್ಲ ಅಳೆದ ಕೈ... ನಳಿಗೆ ತುದಿಗೆ ಸರಿಯಾಗಿ ಒತ್ತಿ ಹಿಡೀತು. "ಎಷ್ಟು ಬಂತು?" ಅಂತ ಕೇಳ್ದೆ. "ಮೂವತ್ತೇಳೂವರೆ ಇಂಚು" ಅಂದ್ರು. "ಬರ್ಕೊಳ್ಳಿ, ನಾನು ಮರೀತೀನಿ" ಅಂದೆ. ಬರ್ಕೊಳ್ಳೋಕೆ ಪೆನ್ಸಿಲ್ ಹುಡುಕೋಕೆ ಎದ್ರು ನೋಡು, ಆಗ ನಾನು ಇದನ್ನೂ ಆ ತೋಟಾನೂ ಎತ್ಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡೆ. ಒಲೆ ಮುಂದೆ ಕೂತುಬಿಟ್ಟೆ. ಎಷ್ಟು ಹೊತ್ತೋ.

ಅವತ್ತೇ ಶುರು ಮಾಡಿದ್ದು ಹೊಲಿಗೆ. ನಾಲ್ಕು ಗುಂಡಿ ಸಾಕಿತ್ತು. ಹಾಕ್ತಾ ಹೋದೆ. ಒಂದೊಂದು ಗುಂಡಿಗೂ ಅಷ್ಟಷ್ಟು ಹೊತ್ತು ಹಿಡಿಯುತ್ತಲ್ಲ, ಅಷ್ಟರಲ್ಲಿ ನಾನು ಹಿತ್ತಲಿಂದ ಬರಬಹುದು, ಬಾವಿ ಹತ್ರದಿಂದ ಬರಬಹುದು ಅಂತ... ತೋಟಾ ಮನೆಯಲ್ಲಿಲ್ಲ. ಒಂದೂ ಇಲ್ಲ. ದಂಟಿನ ಸೊಪ್ಪಿನ ಕೆಳಗಿಟ್ಕೊಂಡು ಹೋಗಿ ಸಾರಕ್ಕಿ ಕೆರೆಗೆ ಹಾಕಿ ಬಂದೆ. ದಾರೀಲಿ ಚಿಕ್ಕಬೈರಪ್ಪ ಸಿಕ್ಕಿ, "ಏನಮ್ಮಾ, ಸೊಪ್ಪು ತಗೊಂಡು ಕೆರೆ ಕಡೆಗೆ?" ಅಂದ. ಹಸುವಿಗೆ ಅಂದೆ. ನಮ್ಮನೇಲಿ ಎಲ್ಲಿದೆ ಹಸು!

ಅವರು ಒಂದು ಸಲಾನೂ ಕೇಳಿಲ್ಲ ತೋಟಾ ಎಲ್ಲಿ ಅಂತ. ನಾನೂ ಹೇಳಿಲ್ಲ. ಅವತ್ತಿನ ಮಾತು ನಾವಿಬ್ಬರೂ ಎತ್ತಿಲ್ಲ. ಹೋದ ತಿಂಗಳು ಪೆಟ್ಟಿಗೆ ಬಿಸಿಲಿಗಿಟ್ಟಿದ್ದೆ. ಅವರೇ ಗವಸು ತಗೊಂಡು ಮಿಷನ್ ಹತ್ರ ಬಂದು ನಿಂತ್ರು. "ಚೂಡಾ, ಇಲ್ಲೊಂದು ಗುಂಡಿ ಸಡಿಲ ಆಗಿದೆ. ಬಿಗಿಯಾಗಿ ಹಾಕ್ಕೊಡು" ಅಂದ್ರು. ಅವರಿಗೆ ಎಲ್ಲ ಗೊತ್ತು ಕಣೋ. ಪೂರ್ತಿ ಗೊತ್ತು.

ಅಳ್ತಿಲ್ಲ ನಾನು. ಒಲೆ ಹೊಗೆ.

ಯಾರ ಹತ್ರ ಹೇಳ್ಲಿ? ಅಪ್ಪನಿಗೆ ಬರೆಯೋಕಾಗುತ್ತಾ? ಸೀತಮ್ಮನಿಗೆ ಹೇಳಿದ್ರೆ ಸಂಜೆಯೊಳಗೆ ಸೌತ್ ಎಂಡ್‌ವರೆಗೂ ಹೋಗುತ್ತೆ. ಆಫೀಸಿಗೆ ಗೊತ್ತಾದ್ರೆ, ಅದಕ್ಕೊಂದು ಬೇರೆ ಕಾಗದ ಕಳಿಸ್ತಾರೆ. ನಿನಗೇ ಹೇಳೋಣ ಅಂತ ಯುಗಾದಿಗೆ ಬಂದಾಗಲೂ ಅಂದ್ಕೊಂಡೆ. ಏನೇನೋ ಹೇಳಿ ನಗಿಸಿ ಕಳಿಸ್ದೆ. ಇವತ್ತೂ ಹಂದಿ, ಕುಂಬಳಕಾಯಿ, ಅತ್ತೆ ನಿಂಬೆಹಣ್ಣು ಅಂತ ನಗಿಸೋಕೇ ಹೊರಟಿದ್ದೆ.

ಲೈಸೆನ್ಸು ಅವರ ಹೆಸರಲ್ಲಿದೆ. ಅವರಾಗೇ ಕೊಡಬೇಕು. ಪೊಲೀಸ್ ಸ್ಟೇಷನ್ನಿನಲ್ಲಿ ಒಪ್ಪಿಸಬಹುದಂತೆ, ರಸೀತಿ ಕೊಡ್ತಾರಂತೆ. ನಾನು ಕೇಳಿದ್ರೆ ಅವರಿಗೆ ಮುಖ ಎತ್ತೋಕಾಗಲ್ಲ. ನೀನು ಕೇಳು. ಶಿಕಾರಿ ಗಿಕಾರಿ ಸುಳ್ಳು ಬೇಡ. "ಭಾವ, ಇದು ಮನೇಲಿ ಬೇಡ, ನಾನು ಜೊತೆಗೆ ಬರ್ತೀನಿ, ಹೋಗಿ ಕೊಟ್ಟು ಬರೋಣ" ಅಂತ ನೇರವಾಗಿ ಕೇಳು. ಕೊಡ್ತಾರೆ. ಯಾರಾದ್ರೂ ಕೇಳ್ಲಿ ಅಂತಾನೇ ಕಾಯ್ತಿದಾರೇನೋ.

... ಹೂಂ. ಹೂಂ. ಕೈ ಬಿಡು, ಬಳೆ ಒತ್ತುತ್ತೆ.

ತಾಳು, ಗೇಟು. ಅವರೇ. ಕೂಗಿ ಕರೀತೀನಿ, ನೀನು ಕಣ್ಣು ಒರೆಸ್ಕೋ, ಹೊಗೆ ಅಂತ ನೀನೂ ಹೇಳೋಕಾಗಲ್ಲ...

ಬಂದ್ರೇನ್ರೀ? ಎಲೆ ಸಿಕ್ತಾ? ಕಾಲು ತೊಳ್ಕೊಂಡು ಬನ್ನಿ! ಕಿಟ್ಟಿ ನಿಮಗೇ ಕಾಯ್ತಿದಾನೆ. ಕಾಲೇಜಿಗೆ ರಜ ಅಂತೆ, ಒಂದು ವಾರ ಇಲ್ಲೇ ಇರ್ತಾನಂತೆ ರೀ, ನಿಮ್ಮ ಜೊತೆ!

... ಇರ್ತೀಯ ತಾನೇ?

ಹೇಳೋ ಕಿಟ್ಟಿ. ಅವರಿಗೆ ಕೇಳಿಸೋ ಹಾಗೆ ಜೋರಾಗಿ ಹೇಳು.