ಯಾರೂ ಓದದ ಸಾಲು

ಅಯ್ಯೋ ಇಲ್ಲ ಮೇಡಂ, ನಿಮ್ಮ ಲೆಕ್ಕ ಸತ್ತಿಲ್ಲ, ತೆವಳ್ತಿದೆ ಅಷ್ಟೇ! ಡಿಸ್ಕ್‌ಗೆ ವಯಸ್ಸಾಯ್ತು, ಇನ್ನೇನು. ಕೂತ್ಕೊಳ್ಳಿ... ಆ ಕುರ್ಚಿ ಬೇಡ, ಅದರ ಒಂದು ಕಾಲು ಬರೀ ಹೆಸರಿಗೆ.

ಗೊತ್ತು, ಗೊತ್ತು. ಸೇತುವೆ ಲೆಕ್ಕ, ಹನ್ನೊಂದು ದಿನದ ಓಟ, ಸಂಜೆ ಐದಕ್ಕೆ ವರದಿ. ಈ ಸರ್ವರ್ ಕಾಯೋನು ನಾನಲ್ವಾ?

ನಲವತ್ತು ಜನಕ್ಕೆ ಒಂದೇ ಸರ್ವರ್ ಮೇಡಂ. ಒಬ್ಬರೇ ಎಲ್ಲಾ ನುಂಗಿ ನೀರು ಕುಡೀಬಾರದು ಅಂತ ಸರ್ವರ್ ನಡೆಸೋ ಲಿನಕ್ಸ್‌ನಲ್ಲಿ ಒಬ್ಬೊಬ್ಬರಿಗೂ ಒಂದು ಗುಂಪು. ಯಾವ ಗುಂಪು ಯಾವ ಡಿಸ್ಕನ್ನ ಎಷ್ಟು ವೇಗವಾಗಿ ಓದಬಹುದು ಅಂತ ಒಂದು ಫೈಲಲ್ಲಿ ಬರೆದಿಡ್ತೀನಿ. ಡಿಸ್ಕ್ ಮೂರು, ಸಾಲೂ ಮೂರು ಬೇಕು. ಆದ್ರೆ ಫೈಲ್ ಓದೋ ಪ್ರೋಗ್ರಾಮ್ ಮೊದಲನೇ ಸಾಲು ಓದಿ ಮಿಕ್ಕಿದ್ದಕ್ಕೆ ಕಣ್ಣು ಮುಚ್ಕೊಳ್ತಿತ್ತು. ಥೇಟ್ ನಮ್ಮ ನಿರ್ದೇಶಕರು!... ಯಾಕೆ ನಗ್ತೀರಿ? ನಗಿ ನಗಿ, ಒಳ್ಳೇದು.

ನಿನ್ನೆ ಅದಕ್ಕೆ ಪಾಠ ಹೇಳಿದೆ. ಎಷ್ಟು ಸಾಲಿದ್ರೂ ಪೂರ್ತಿ ಓದು, ಒಂದೊಂದಾಗಿ ಒಪ್ಪಿಸು, ಒಟ್ಟಿಗೆ ಸುರಿದ್ರೆ ಲಿನಕ್ಸ್‌ನ ಒಳಗಿನ ಯಜಮಾನ, ಆ ಕರ್ನಲ್, ಉಗಿಯುತ್ತೆ ಅಂತ. ಏನ್ ಚೆನ್ನಾಗಿ ಕಲೀತು ಗೊತ್ತಾ! ಒಂದು ಸಾಲೂ ಬಿಡಲ್ಲ ಈಗ...

ಹಾಂ? ನಿನ್ನೆಯಿಂದಲೇ ನಿಧಾನ ಆಗಿದ್ದಾ? ಕಾಕತಾಳೀಯ ಮೇಡಂ! ಫೈಲಾ? ಅದರ ಗೋಜು ನಿಮಗ್ಯಾಕೆ... ಆಯ್ತು, ತೋರಿಸ್ತೀನಿ. ಇದು ನಿಮ್ಮ ಗುಂಪು. ಮೊದಲನೇ ಸಾಲು ನೋಡಿ, ಎಷ್ಟು ಧಾರಾಳ! ಸಾಕಲ್ವಾ? ಮುಚ್ಚಲಾ?... ಕೆಳಗೆ ಏನೂ ಇಲ್ಲ ಮೇಡಂ. ಕೈ ತೆಗೀರಿ... ಮೇಡಂ...

ಆ ಎರಡನೇ ಸಾಲಾ? ಅದು... ಹಳೇದು. ಹೋದ ವರ್ಷದ್ದು. ಹೌದು, ಮೇಲೆ ತಾರೀಖು ಇದೆ. ಬದಲಾಯಿಸಿದ್ದಕ್ಕೆಲ್ಲ ತಾರೀಖು ಹಾಕೋ ಶಿಸ್ತು ನಂದು, ಸುಡುಗಾಡು ಶಿಸ್ತು!

ಹಾಗೆ ನೋಡ್ಬೇಡಿ.

ಸರಿ. ಮೀಟಿಂಗಲ್ಲಿ ಎಲ್ಲರ ಮುಂದೆ ‘ಸರ್ವರ್‌ಗಿಂತ ಇವರೇ ಜಾಸ್ತಿ ನಿದ್ದೆ ಹೊಡೀತಾರೆ’ ಅಂದ್ರಲ್ಲ? ಅವತ್ತಿನದೇ. ಮೈಯೆಲ್ಲಾ ಉರಿದುಹೋಯ್ತು. ಬಂದವನೇ ನಿಮ್ಮ ಲೆಕ್ಕ ಓದೋ ಡಿಸ್ಕ್‌ಗೆ ಇರುವೆ ನಡಿಗೆಯ ಮಿತಿ ಬರೆದೆ. ಎರಡನೇ ಸಾಲಲ್ಲಿ ಬರೆದೆ ಮೇಡಂ! ಅದನ್ನ ಯಾರೂ ಓದಲ್ಲ ಅಂತ ಗೊತ್ತಿದ್ದೇ ಬರೆದಿದ್ದು. ಬಚ್ಚಲಲ್ಲಿ ನಿಂತು ಬೈದ ಹಾಗೆ ಅಷ್ಟೇ... ಆಮೇಲೆ ಮರೆತೇಬಿಟ್ಟೆ, ನಿನ್ನೆ ಪ್ರೋಗ್ರಾಮ್‌ಗೆ ಪೂರ್ತಿ ಓದೋಕೆ ಕಲಿಸುವಾಗಲೂ ನೆನಪಾಗ್ಲಿಲ್ಲ.

ಈಗ ನೀವು ಬಾಗಿಲು ತೆಗೆದಾಗ ನೆನಪಾಯ್ತು. ನೀವು ಹೋದ ಮೇಲೆ ಸದ್ದಿಲ್ಲದೆ ಅಳಿಸೋಣ ಅಂದ್ಕೊಂಡಿದ್ದೆ.

ಇಗೋ, ಮಿತಿ ತೆಗೆದೆ. ಓಡ್ತಿದೆ ನೋಡಿ... ಐದಕ್ಕೆ ಮುಗಿಯಲ್ಲ, ಗೊತ್ತು. ನಿರ್ದೇಶಕರ ಹತ್ರ ನಾನೇ ಹೋಗ್ತೀನಿ. ಡಿಸ್ಕ್‌ಗೆ ವಯಸ್ಸಾಗಿಲ್ಲ, ನನಗೇ ಬುದ್ಧಿ ಬಂದಿಲ್ಲ ಅಂತ ಹೇಳ್ತೀನಿ.

ಬೈಯ್ರಿ ಮೇಡಂ. ನಿದ್ದೆಬುರುಕ ಅನ್ನಿ. ಇನ್ನೊಂದ್ಸಲ ಎಲ್ಲರ ಮುಂದೆ ಅನ್ನಿ, ಈ ಸಲ ಏನೂ ಬರೆಯಲ್ಲ...

ಮೇಡಂ? ಹೊರಟೇಬಿಟ್ರಾ?