ಈ ಸಲ ಕಳೆ ಇಲ್ಲ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಚಿಕ್ಕ ಧಣಿಗಳಾ?..."

"ಹಾಂ, ನಾನು ಧಣೀ. ನಾನು ಅಂದ್ರೆ... ಅಯ್ಯೋ, ದನಿ ಗುರುತು ಸಿಗ್ಲಿಲ್ವಾ? ಕಳೆ ಕೀಳೋ ಗುಂಪಿನ ಅಕ್ಕ. ನೀವು ಚಡ್ಡಿ ಇಲ್ದೆ ಬದುವಿನ ಮೇಲೆ ಓಡಾಡ್ತಿದ್ದಾಗಿಂದ ನಿಮ್ಮ ಹೊಲದಲ್ಲಿ ಬೆನ್ನು ಬಗ್ಗಿಸಿರೋಳು... ಹಾಂ, ಈಗ ಗೊತ್ತಾಯ್ತು ನೋಡಿ!..."

ಅಂಗಳದ ಗೋಡೆಗೆ ಒರಗಿ ಕೂತಿದ್ದ ಹತ್ತು ಹೆಂಗಸರೂ ಕಿಸಕ್ಕನೆ ನಕ್ಕರು. ಬುತ್ತಿ ಕಟ್ಟಿಕೊಂಡು, ಕುಡುಗೋಲು ಮಸೆದುಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು ಬೆಳಿಗ್ಗೆಯೇ ಬಂದವರು. ಪ್ರತಿ ವರ್ಷ ಬೆಳೆ ಗೇಣುದ್ದ ಏಳುವ ಹೊತ್ತಿಗೆ ಧಣಿಯ ಮನೆಯಿಂದಲೇ ಕರೆ ಬರುತ್ತಿತ್ತು. ಈ ವರ್ಷ ಬರಲಿಲ್ಲ. ದೊಡ್ಡವರ ಮರೆವೂ ದೊಡ್ಡದೇ ಎಂದುಕೊಂಡು ಅಕ್ಕ ತಾನೇ ಫೋನು ಮಾಡಿದ್ದಳು.

"ಎಲ್ರೂ ಚೆನ್ನಾಗಿದೀವಿ ಧಣೀ. ಮನೇಲಿ ಅಮ್ಮಾವ್ರು, ಮಕ್ಕಳು?... ಅಷ್ಟಿದ್ರೆ ಸಾಕು ಬಿಡಿ. ಮತ್ತೆ... ಕಳೆಗೆ ಯಾವತ್ತು ಬರೋಣ ಅಂತ ಕೇಳೋಕೆ ಮಾಡ್ದೆ. ಮೊನ್ನೆ ದಾರೀಲಿ ಹೋಗ್ತಾ ನೋಡ್ದೆ, ಪೈರು ಚೆನ್ನಾಗಿ ಎದ್ದಿದೆ. ಇನ್ನೂ ತಡ ಮಾಡಿದ್ರೆ ಹುಲ್ಲು ಮೇಲಾಗುತ್ತೆ, ಅಲ್ವಾ? ನಾಳೆನೇ ಬರ್ತೀವಿ. ಇವತ್ತೇ ಅಂದ್ರೆ ಇವತ್ತೇ ಬರ್ತೀವಿ, ಎಲ್ರೂ ತಯಾರಾಗಿ ಕೂತಿದಾರೆ..."

"ಹಾಂ?..."

"ಯಾಕೆ ಧಣೀ?..."

"ಇರು ಕಣೇ ಬಾಯಿಬಡ್ಕಿ, ಅವ್ರು ಮಾತಾಡ್ತಿದಾರೆ... ಸ್ಪೀಕರ್ರಾ? ಅದು ಕೆಟ್ಟಿದೆ ಕಣೇ. ಇಲ್ಲಿ ಸಿಗ್ನಲ್ ಸರಿಯಿಲ್ಲ, ಒಳಗೆ ಹೋಗ್ತೀನಿ ತಡಿ... ನೀವು ಹೇಳಿ ಧಣೀ..."

ಸ್ಪೀಕರ್ ಕೆಟ್ಟಿರಲಿಲ್ಲ. ಸಿಗ್ನಲ್ಲೂ ಸರಿಯಾಗಿಯೇ ಇತ್ತು. ಅಕ್ಕ ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಒಲೆಯ ಪಕ್ಕದ ಗೋಡೆಗೆ ಹಣೆ ಆನಿಸಿ ನಿಂತಳು. ದನಿ ತಗ್ಗಿತು.

"ಔಷಧಿ ಹೊಡೆಸಿಬಿಟ್ರಾ? ಯಾವಾಗ?... ಡ್ರೋನಾ? ಅದೇ ಮೇಲೆ ಹಾರ್ಕೊಂಡು ಹೋಗುತ್ತಲ್ಲ, ಅದಾ?... ನೀವೇ ಕೊಂಡ್ಕೊಂಡ್ರಾ... ಇಡೀ ಹೊಲಕ್ಕೆ ಒಂದೇ ಹೊತ್ತಲ್ಲಿ ಆಗೋಯ್ತಾ..."

"ಅಲ್ಲ ಧಣೀ, ಒಂದು ಮಾತು ಮುಂಚೆ ಹೇಳ್ಬಾರ್ದಿತ್ತಾ? ಹೋಗ್ಲಿ ಬಿಡಿ, ಪಕ್ಕದವ್ರನ್ನ ಕೇಳ್ತೀವಿ... ಅವ್ರೂನಾ? ಕಾಲುವೆ ಆಚೆಯವ್ರು?... ಎಲ್ರೂನಾ ಧಣೀ? ಎಲ್ರೂ ನಿಮ್ಮ ಹತ್ರಾನೇ ಹೊಡೆಸಿದ್ರಾ..."

"ಬೆಳೆಗೇನೂ ಆಗಲ್ವಾ ಮತ್ತೆ?... ಹಾಂ, ಬೀಜವೇ ಹಾಗಿದೆಯಾ. ಔಷಧಿ ಬಿದ್ರೆ ಕಳೆ ಮಾತ್ರ ಸಾಯೋದು, ಬೆಳೆ ಸಾಯಲ್ಲ. ಬುದ್ಧಿವಂತ ಬೀಜ ಬಿಡಿ. ನಮಗೂ ಅಂಥದ್ದೊಂದು ಹೊಟ್ಟೆ ಕೊಡ್ಸಿ ಧಣೀ, ಒಳಗೆ ಏನೂ ಬೀಳದಿದ್ರೂ ಸಾಯದೇ ಇರೋ ಅಂಥದ್ದು..."

"ಇಲ್ಲ, ಇಲ್ಲ. ಕೋಪ ಅಲ್ಲ. ನಿಮ್ಮ ಮೇಲೆ ನನಗೇನು ಕೋಪ? ಆಳು ಸಿಗಲ್ಲ, ಸಿಕ್ಕಿದ್ರೂ ಹೊತ್ತಿಗೆ ಬರಲ್ಲ, ಒಪ್ಕೊಳ್ತೀನಿ. ಎಲ್ರೂ ಹಾಗೇ ಅಂತಾರೆ. ಆದ್ರೆ ನಮ್ಮ ಗುಂಪು ಬರದೇ ಇದ್ದ ವರ್ಷ ಯಾವ್ದು ಹೇಳಿ?... ಅದು ನನ್ನ ಗಂಡ ತೀರ್ಕೊಂಡ ವರ್ಷ ಧಣೀ. ನಾನೊಬ್ಳು ಬರ್ಲಿಲ್ಲ, ಇವ್ರೆಲ್ಲ ಬಂದಿದ್ರಲ್ಲ. ನನ್ನ ಸಾಲೂ ಇವ್ರೇ ಕಿತ್ತಿದ್ರಲ್ಲ..."

"ಆಯ್ತು. ಹೊಲ ಬೇಡ. ಬದುವಿನ ಅಂಚು? ಆ ಯಂತ್ರ ಬದುವಿನವರೆಗೂ ಬರಲ್ಲ ಅಲ್ವಾ? ಮರದ ಬುಡ ಬಿಟ್ಟಿರುತ್ತೆ, ಅಲ್ವಾ? ಅಷ್ಟಾದ್ರೂ ನಾವು ಕಿತ್ತುಕೊಡ್ತೀವಿ. ಎರಡು ದಿನದ ಕೆಲ್ಸ ಆದ್ರೂ ಸರಿ..."

"ಗಾಳಿಗೆ ಅಲ್ಲೀವರ್ಗೂ ಹೋಯ್ತಾ?... ಆ ಬದುವಲ್ಲಿ ಸೊಪ್ಪು ಬರ್ತಿತ್ತು ಧಣೀ. ನಿಮಗೆ ಅದು ಕಳೆ, ನಮಗೆ ರಾತ್ರಿ ಊಟ. ಸಂಜೆ ಮಡಿಲು ತುಂಬಿಸ್ಕೊಂಡು ಹೋಗ್ತಿದ್ವಿ, ನಿಮ್ಮಪ್ಪ ಒಂದಿನಾನೂ ಬೇಡ ಅಂದೋರಲ್ಲ... ತಿನ್ನಬಾರ್ದಾ? ಮುಟ್ಟೋದೂ ಬೇಡ್ವಾ?... ಹೇಳ್ತೀನಿ. ಇವ್ರಿಗೆಲ್ಲ ಹೇಳ್ತೀನಿ..."

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಈ ಸಲ ಹುಲ್ಲುಕಡ್ಡಿಯೇ ಸುಟ್ಟುಹೋಗಿತ್ತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊರಗೆ ಬಾಯಿಬಡುಕಿ ಯಾರದೋ ಅತ್ತೆಯ ನಡಿಗೆಯನ್ನು ಅಣಕಿಸುತ್ತಿದ್ದಳು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಅಳ್ತಿಲ್ಲ ಧಣೀ. ನೆಗಡಿ... ನಿಮ್ಮಪ್ಪ ನಮ್ಮನ್ನ ನೋಡಿ ಏನಂತಿದ್ರು ಗೊತ್ತಾ? ನೀವು ಬಂದ್ರೆ ಹೊಲದ ಕಳೆನೂ ಹೋಗುತ್ತೆ, ಹೊಲಕ್ಕೆ ಕಳೆನೂ ಬರುತ್ತೆ ಅಂತಿದ್ರು. ಪ್ರತಿ ವರ್ಷ ಅದೇ ತಮಾಷೆ. ಪ್ರತಿ ವರ್ಷ ನಾವೂ ಹೊಸದಾಗಿ ಕೇಳ್ದೋರ ಥರ ನಗ್ತಿದ್ವಿ... ಹಾಂ. ಪುಣ್ಯಾತ್ಮ. ಹೌದು, ಕಾಲ ಬದಲಾಯ್ತು. ನಾವು ಬದಲಾಗ್ಲಿಲ್ಲ, ಅದೇ ತಪ್ಪು..."

"ಏನಂದ್ರಿ?... ಒಬ್ರು ಬೇಕಾ? ಯಾವ ಕೆಲ್ಸಕ್ಕೆ?... ಯಂತ್ರದ ಜೊತೆ ಹೊಲದಿಂದ ಹೊಲಕ್ಕೆ ಹೋಗೋದು. ನೀರು ಹೊರೋದು, ಔಷಧಿ ಕಲಸಿ ತುಂಬಿಸೋದು... ಇದೊಂದು ಸಲಕ್ಕಾ, ವರ್ಷ ಪೂರ್ತಿನಾ?... ವರ್ಷ ಪೂರ್ತಿ..."

"ಹಾಗಾದ್ರೆ ನಮ್ಮ ಬಸುರಿ ಹುಡುಗೀನ ಕಳಿಸ್ಲಾ? ಅವಳ ಗಂಡನ ಕೈ ಮುರಿದಿದೆ, ಈಗ ಅವಳಿಗೆ ಬಗ್ಗಿ ಕಳೆ ತೆಗೆಯೋಕೂ ಆಗಲ್ಲ, ಪಾಪ... ಹಾಂ... ಔಷಧಿ ಹತ್ರ ಬಸುರಿ ಬರಬಾರ್ದು, ಹೌದಲ್ವಾ. ನನಗೆ ಹೊಳೀಲೇ ಇಲ್ಲ ನೋಡಿ..."

"ನಾನಾ?..."

"ಇಲ್ಲ ಧಣೀ. ನಾನೊಬ್ಳೇ ಹೇಗೆ ಬರ್ಲಿ? ಗುಂಪಿನ ಮಾತು ನಿಮಗೂ ಗೊತ್ತಲ್ಲ, ಬಂದ್ರೆ ಎಲ್ರೂ, ಇಲ್ದಿದ್ರೆ ಯಾರೂ ಇಲ್ಲ. ಆ ಮಾತು ಕಟ್ಟಿದ್ದೇ ನಾನು. ಅರ್ಧ ಜನ ಸಾಕು ಅಂದ ಯಜಮಾನ್ರ ಬಾಗಿಲಿಂದ ಎಲ್ರನ್ನೂ ವಾಪಸ್ ಕರ್ಕೊಂಡು ಬಂದೋಳು ನಾನು. ಈಗ ನಾನೇ... ಬೇಡ ಧಣೀ. ನನಗೆ ಇಂಥ ಮಾತು ಹೇಳ್ಬೇಡಿ..."

"ಬೇರೆಯವ್ರು ತಯಾರಿದಾರಾ?... ಈಗ್ಲೇ ಹೇಳ್ಬೇಕಾ? ಸಂಜೆ ಹೇಳಿದ್ರೆ ಆಗಲ್ವಾ?... ಇಡಬೇಡಿ. ಧಣೀ, ಇಡಬೇಡಿ, ಒಂದು ನಿಮಿಷ..."

ಮೂಲೆಯಲ್ಲಿ ಅಕ್ಕನ ಮಗಳು ಕೂತಿದ್ದಳು. ಗಂಡ ಬಿಟ್ಟು ತವರಿಗೆ ಬಂದವಳು. ಇಬ್ಬರು ಮಕ್ಕಳಿಗೂ ಒಂದೇ ತಟ್ಟೆಯಲ್ಲಿ ಬಡಿಸಿ, ತನಗೆ ಹಸಿವಿಲ್ಲ ಎನ್ನುವ ಮುಖ ಮಾಡಿಕೊಂಡಿದ್ದಳು. ಆ ಮುಖವನ್ನು ಅಕ್ಕ ಬಲ್ಲಳು. ಮಗಳನ್ನು ಸಾಕುವಾಗ ತಾನೂ ಅದನ್ನೇ ಹಾಕಿಕೊಂಡಿದ್ದವಳು. ಹೊರಗೆ ಕೂತವರ ಮನೆಗಳಲ್ಲೂ ಇಂಥದೇ ತಟ್ಟೆ ಇದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಈ ತಟ್ಟೆಯನ್ನು ಬಿಟ್ಟು ಕದಲಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಇದೀನಿ ಧಣೀ. ಕೇಳಿಸ್ತಿದೆ..."

"ಆಗ್ಲಿ..."

"ಆಗ್ಲಿ ಅಂದೆ. ಗಟ್ಟಿಯಾಗಿ ಹೇಳೋಕಾಗಲ್ಲ, ಇವ್ರಿದಾರೆ... ಹಾಂ, ಮೂಗಿಗೆ ಬಟ್ಟೆ ಕಟ್ಕೊಂಡು ಬರ್ತೀನಿ... ನಾಳೆ ಬೆಳಿಗ್ಗೆ ಅಲ್ವಾ? ಬರ್ತೀನಿ ಧಣೀ. ಇಲ್ಲ, ಮಾತು ತಪ್ಪಲ್ಲ. ಬರ್ತೀನಿ..."

ಹೊರಗಿನ ನಗು ಯಾವಾಗ ನಿಂತಿತ್ತೋ ಅವಳು ಗಮನಿಸಿರಲಿಲ್ಲ. ತಿರುಗಿ ನೋಡಿದರೆ ಹೊಸಿಲಿನ ಹತ್ತಿರ ಹತ್ತೂ ಜನ ನಿಂತಿದ್ದರು. ಬಸುರಿ ಹುಡುಗಿ ಎಲ್ಲರಿಗಿಂತ ಮುಂದೆ, ಬುತ್ತಿಯನ್ನು ಎದೆಗೆ ಒತ್ತಿಕೊಂಡು. ಇಷ್ಟು ವರ್ಷ ಈ ಹೆಂಗಸರು ಅಕ್ಕನ ಬಾಯಲ್ಲಿ ಬರ್ತೀವಿ ಎಂಬುದನ್ನಷ್ಟೇ ಕೇಳಿದ್ದರು. ಈಗ ಕೇಳಿದ್ದು ಬೇರೆ. ಬಾಯಿಬಡುಕಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದಳು.

ಅಷ್ಟರಲ್ಲಿ ಲೈನು ಕಟ್ಟಾಯಿತು. ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಹಲೋ?... ಹಲೋ ಧಣೀ, ಕೇಳಿಸ್ತಾ? ಬರ್ತೀವಿ ಅಂದೆ ನಾನು. ಬರ್ತೀವಿ... ಹಾಂ, ಹಾಂ, ಎಲ್ರೂ ಬರ್ತೀವಿ... ಬರ್ತೀವಿ ಅಂತಾನೇ ಅಲ್ವಾ ನಾನು ಹೇಳಿದ್ದು?... ಹಲೋ?..."